ಸುಬ್ಬಮ್ಮನ ಕುರ್ಚಿ ಫೋಟೋ

ಯಾವನ್ಲಾ ಅವ್ನು, ಕೆಂಚಯ್ಯಂಗೆ ಅರಳುಮರಳು ಅಂತ ಗ್ರೂಪಿಗೆ ಬರ್ದವ್ನು? ಶಶಿಕುಮಾರ ಅಲ್ವೇನ್ಲಾ? ಬರ್ದಿದ್ದು ಸಾಲ್ದು ಅಂತ ನಗೋ ಮೂತಿ ಬ್ಯಾರೆ ಸಾಲಾಗಿ ಅಂಟ್ಸಿದೀಯ. 'ಕ್ಯಾಮೆರಾಗೆ ಮುಚ್ಚಳ ಆಕ್ಕಂಡು ಯಾವ ಪೋಟೋಗ್ರಾಪರ್ರೂ ಪೋಟೋ ತೆಗೆಯಾಕಿಲ್ಲ, ತಾತ ಕಥೆ ಕಟ್ತಾವ್ನೆ' ಅಂತೀಯ. ನೀನು ಅಲ್ಲಿದ್ಯೇನ್ಲಾ? ನಾನಿದ್ದೆ ಕಣ.

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಒಂದು ಮಾತು ತಿಳಿದುಕೊಳ್ಳಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಲೈನಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರಾಗಿ ಕೂದಲು ಬಿಳಿ ಮಾಡಿಕೊಂಡವನು ನಾನು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು, ಯಾರು ಟಿಕೆಟ್ ತಪ್ಪಿಸಲು ನಿದ್ದೆ ನಟಿಸುತ್ತಿದ್ದಾರೆ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದೆ. ಇದೇ ಶಶಿಕುಮಾರನ ಅಪ್ಪ ಹೈಸ್ಕೂಲಿಗೆ ಹೋಗುವಾಗ ಬಸ್ಸಿನ ಹಿಂದಿನ ಏಣಿಗೆ ಜೋತುಬೀಳುತ್ತಿದ್ದದ್ದೂ ನೆನಪಿದೆ. ಅದನ್ನೂ ಗ್ರೂಪಿಗೆ ಹಾಕಲಾ?

ಬೆಳಗ್ಗೆ ನಾನು ಗ್ರೂಪಿನಲ್ಲಿ ಕೇಳಿದ್ದು ಒಂದೇ ಮಾತು. ಒಬ್ಬ ಮುದುಕಿಯ ಗುರುತು ಹೇಳಿ, ಕ್ಯಾಮೆರಾಗೆ ಮುಚ್ಚಳ ಹಾಕಿಕೊಂಡು ನಮ್ಮಕ್ಕನಿಗೆ ಮೋಸ ಮಾಡಿದವನೇ ಇವಳ ಫೋಟೋ ತೆಗೆದಿದ್ದಾನೆ, ಇವಳು ಯಾರ ಮನೆಯವಳು, ಯಾರಿಗಾದರೂ ಗೊತ್ತಾ ಎಂದು ಕೇಳಿದೆ. ಅದಕ್ಕೆ ಉತ್ತರ ಕೊಟ್ಟವರು ಒಬ್ಬರೂ ಇಲ್ಲ. ನನ್ನ ತಲೆ ಪರೀಕ್ಷೆ ಮಾಡುವ ಡಾಕ್ಟರುಗಳು ಮಾತ್ರ ಬೇಕಾದಷ್ಟು ಜನ. ಆಗಲಿ. ಯಾಕೆ ಕೇಳಿದೆ ಅಂತ ಮೊದಲಿಂದ ಹೇಳುತ್ತೇನೆ. ಬೆರಳು ಜಾರಿ ಈ ವಾಯ್ಸ್ ಮೆಸೇಜು ನಡುವೆ ಕಟ್ಟಾದರೆ ಬೈಯಬೇಡಿ, ಇನ್ನೊಂದು ಒತ್ತಿ ಮುಂದಕ್ಕೆ ಹೇಳುತ್ತೇನೆ.

ನಮ್ಮಕ್ಕ ಸುಬ್ಬಮ್ಮ ಗೊತ್ತಲ್ಲ? ಹಳ್ಳಿಮೈಸೂರು ಹೋಬಳಿಯಲ್ಲಿ ದೇವರಾಜನಿಗೆ ಎಷ್ಟು ಗದ್ದೆ ಇದೆಯೋ ಅಷ್ಟಕ್ಕೂ ನಾಟಿ ಹಾಕಿದ ಕೈ ಅವಳದು. ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿಗಳು ಕೊಳೆತು ಬೆಳ್ಳಗಾಗಿದ್ದವು. ಸೊಂಟ ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ. ಅಷ್ಟು ವರ್ಷ ಗದ್ದೆಯೊಳಗೆ ಇದ್ದವಳು ದೇವರಾಜನ ಮನೆಯ ಜಗಲಿ ಹತ್ತಲಿಲ್ಲ. ಮೊದಲು ಅವಳಿಗೆ ಕಾಫಿ ಕೊಡುವ ಲೋಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಈಗ ಪೇಪರ್ ಲೋಟ ಬಂದಿದೆ. ದೇವರಾಜನಿಗೆ ಭಾರೀ ಅನುಕೂಲ. ಯಾರನ್ನೂ ದೂರ ಇಟ್ಟ ಹಾಗೆ ಕಾಣುವುದಿಲ್ಲ, ಕುಡಿದ ಲೋಟ ಮನೆಯೊಳಕ್ಕೆ ಹೋಗುವುದೂ ಇಲ್ಲ. ಕಾಲ ಬದಲಾಗಿದೆ ಅನ್ನುತ್ತಾರಲ್ಲ, ಹೌದು, ಲೋಟ ಬದಲಾಗಿದೆ.

ನಮ್ಮಕ್ಕನಿಗೆ ಒಂದೇ ಒಂದು ಆಸೆ ಇತ್ತು. ಒಂದು ಫೋಟೋ.

ನಮ್ಮಲ್ಲಿ ತಿಥಿ ದಿನ ಏನು ಮಾಡುತ್ತಾರೆ? ಸತ್ತವರ ಫೋಟೋ ಇಟ್ಟು, ಹಾರ ಹಾಕಿ, ಪಕ್ಕದಲ್ಲಿ ಅವರ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆ ಮೇಲೆ ಬಡಿಸಿ ಎಡೆ ಇಡುತ್ತಾರೆ. ನಮ್ಮ ಭಾವ ಸತ್ತಾಗ ಅವನದು ಒಂದು ಫೋಟೋ ಇರಲಿಲ್ಲ. ಒಂದು ಹಿತ್ತಾಳೆ ಚೊಂಬು ಇಟ್ಟು ಅದಕ್ಕೇ ಹೂ ಮುಡಿಸಿದೆವು. ಅಕ್ಕ ಅದನ್ನು ಮರೆಯಲಿಲ್ಲ.

"ನಿಮ್ ಭಾವಂಗೆ ಚೊಂಬಿಗೆ ಎಡೆ ಇಟ್ರಿ. ನಾನು ಚೊಂಬಾಗಾಕಿಲ್ಲ ಕಣ್ಲಾ ಕೆಂಚ. ನಂಗೆ ಮಕ ಅದೆ" ಅನ್ನುತ್ತಿದ್ದಳು.

ಆಧಾರ್ ಕಾರ್ಡಿನಲ್ಲಿ ಇತ್ತು ಒಂದು ಮುಖ. ಅದನ್ನು ನೋಡಿದರೆ ಅವಳನ್ನು ಯಾವುದೋ ಕಳ್ಳತನದ ಕೇಸಿನಲ್ಲಿ ಎಳೆದುಕೊಂಡು ಹೋಗುತ್ತಿದ್ದಾರೆ ಅನ್ನಬೇಕು. ಮೊಬೈಲಿನಲ್ಲಿ ತೆಗೆಯಲು ಹೋದರೆ ಸೆರಗು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದಳು. "ಅದೂ ಒಂದು ಪೋಟೋನಾ? ಬೆರಳಲ್ಲಿ ತಳ್ಳುದ್ರೆ ಒಂಟೋಯ್ತದೆ." ಅವಳಿಗೆ ದೊಡ್ಡ ಕ್ಯಾಮೆರಾದಲ್ಲಿ ಬೇಕು. ಕುರ್ಚಿ ಮೇಲೆ ಕೂತು, ಮಂಡಿ ಮೇಲೆ ಕೈಯಿಟ್ಟು, ಕೆಂಪು ಸೀರೆ ಉಟ್ಟುಕೊಂಡಿರಬೇಕು. ಆ ಸೀರೆ ಮೊಮ್ಮಗಳು ಕವನಾ ತಂದುಕೊಟ್ಟದ್ದು. ಕವನಾ ಹಾಸನದಲ್ಲಿ ನರ್ಸ್, ಮೊದಲ ಸಂಬಳದಲ್ಲಿ ತಂದಿದ್ದಳು. ಅಕ್ಕ ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕ ತನಗೂ ಒಂದು ಮೊಳೆ ಹೊಡೆಸಿ ಇಟ್ಟಿದ್ದಳು. ಬರಿ ಮೊಳೆ.

ಹೀಗಿರುವಾಗ ಮನೋಹರ ಅನ್ನುವವನು ಬಂದ. ಬೆಂಗಳೂರಿನವನು. ಜೀಪಿನಲ್ಲಿ ಊರೂರು ತಿರುಗಿ ಹಳ್ಳಿಯವರ ಫೋಟೋ ತೆಗೆಯುವುದೇ ಅವನ ಕೆಲಸವಂತೆ. ಇಳಿದುಕೊಂಡಿದ್ದದ್ದು ದೇವರಾಜನ ತೋಟದ ಮನೆಯಲ್ಲಿ. ಕಟ್ಟಾಯದ ಕಡೆ ಮುಗಿಸಿದ್ದ, ಅರಕಲಗೂಡಿನ ಕಡೆ ಹೋಗುವವನಿದ್ದ, ನಡುವೆ ನಮ್ಮ ಕೇರಿ. ದೇವರಾಜನೇ ಕರೆದುಕೊಂಡು ಬಂದ. ಎಲೆಕ್ಷನ್ ಇಲ್ಲದ ಕಾಲದಲ್ಲಿ ಅವನು ಕೇರಿಗೆ ಕಾಲಿಟ್ಟದ್ದು ಅದೇ ಮೊದಲು.

"ಸುಬ್ಬಿ, ಇವ್ರು ದೊಡ್ ಪೋಟೋಗ್ರಾಪರ್ರು. ಏಳ್ದಂಗೆ ನಿಂತ್ಕ" ಅಂದ.

ಅಕ್ಕ ಓಡಿಹೋಗಿ ಕೆಂಪು ಸೀರೆ ಉಟ್ಟು, ಕನ್ನಡಕ ಒರೆಸಿ ಹಾಕಿಕೊಂಡು ಬಂದಳು. ಮನೋಹರ ನೋಡಿ ಮುಖ ಹಿಂಡಿದ.

"ಅಯ್ಯೋ ಅಜ್ಜಿ, ಇದೆಲ್ಲ ಬೇಡ. ನೀವು ದಿನಾ ಹೇಗಿರ್ತೀರೋ ಹಾಗೇ ಇರಬೇಕು. ನ್ಯಾಚುರಲ್ ಆಗಿ."

ದಿನಾ ಹೇಗಿರುತ್ತೇವೆ ಅನ್ನುವುದು ನಮಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಕನ್ನಡಕ ತೆಗೆಸಿದ. ಮನೆ ಮುಂದಿನ ನಲ್ಲಿಗೆ ಗೋಣಿಚೀಲ ಹೊದಿಸಿದ. ಸೂರಿನ ಮೇಲಿದ್ದ ಡಿಶ್ ಕೊಡೆ ಇಳಿಸಿದ. ಅಕ್ಕನ ಮಗ ಕೀರ್ತಿರಾಜನ ಟಾಟಾ ಏಸ್ ಗಾಡಿಯನ್ನು ಬೀದಿ ತುದಿಗೆ ಓಡಿಸಿದ. ನೀಲಿ ಬಣ್ಣ ಹೊಡೆದ ನಮ್ಮ ಗೋಡೆ ಹಿಡಿಸಲಿಲ್ಲ, ಪಕ್ಕದ ಕೊಟ್ಟಿಗೆಯ ಬಿರುಕು ಬಿಟ್ಟ ಮಣ್ಣಿನ ಗೋಡೆ ಹಿಡಿಸಿತು. ಉಡುವುದಕ್ಕೆ ಹರಕು ಸೀರೆ ಬೇಕು ಅಂದ. ಮನೆಯಲ್ಲಿ ಇರಲಿಲ್ಲ. ಕೊನೆಗೆ ದನ ಒರೆಸಲು ಇಟ್ಟಿದ್ದ ಹಳೆ ಸೀರೆ ಹುಡುಕಿ ತೆಗೆಸಿದ. ಪಾಪ, ನಮ್ಮನ್ನು ಬಡವರು ಮಾಡಲು ಅವನಿಗೆ ಅರ್ಧ ದಿನ ಹಿಡಿಯಿತು.

ಆಮೇಲೆ ಜೀಪಿನಿಂದ ಒಂದು ಮಣ್ಣಿನ ಮಡಕೆ ತೆಗೆದು ಅಕ್ಕನ ಕೈಗೆ ಕೊಟ್ಟ. ಕೇರಿಯಲ್ಲಿ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ಬಿಂದಿಗೆ ಅಂತ ಮೊದಲೇ ತಿಳಿದುಕೊಂಡಿದ್ದನೋ ಏನೋ.

"ಅಜ್ಜಿ, ಇನ್ನೊಂದು. ಹಳೇ ಕಾಲದವರ ಹಾಗೆ, ರವಿಕೆ ಇಲ್ಲದೆ..."

ಅಕ್ಕ ಕೈಲಿದ್ದ ಮಡಕೆಯನ್ನು ಒಗೆಯುವ ಕಲ್ಲಿನ ಮೇಲೆ ಕುಕ್ಕಿದಳು. ಬಾಯಿ ಅಂಚು ಒಂದು ಚೂರು ಹಾರಿಹೋಯಿತು. ಅರ್ಧ ಚಂದ್ರನ ಹಾಗೆ.

"ನಿಮ್ಮವ್ವಂಗೂ ಇಂಗೇ ಬಿಚ್ಚುಸಿ ತೆಗೆದಿದೀಯೇನಪ್ಪಾ?"

ದೇವರಾಜ ಕೆಮ್ಮಿದ. ಮನೋಹರ ಸಾರಿ ಸಾರಿ ಅಂದ. ಅಕ್ಕ ಅಲ್ಲೇ ಕರಾರು ಮಾಡಿದಳು.

"ನೋಡಪ್ಪಾ, ನೀ ಏಳ್ದಂಗೆ ನಾ ನಿಂತ್ಕತೀನಿ. ರವ್ಕೆ ಬಿಚ್ಚಾಕಿಲ್ಲ. ಆಮ್ಯಾಕೆ ನಾನೇಳ್ದಂಗೆ ನೀ ನಂದೊಂದು ತೆಗೀಬೇಕು. ಕುರ್ಚಿ ಮ್ಯಾಲೆ, ಕೆಂಪು ಸೀರೆ ಉಟ್ಕಂಡು. ಅದು ನನ್ ತಿಥಿಗೆ."

"ಖಂಡಿತ ಅಜ್ಜಿ. ಪ್ರಾಮಿಸ್. ದೊಡ್ಡದಾಗಿ ಫ್ರೇಮ್ ಹಾಕಿಸಿ ಕಳಿಸ್ತೀನಿ."

ಉರಿಬಿಸಿಲು. ಅಕ್ಕ ನಿಂತಳು. ಮಡಕೆ ಬಗ್ಗಿಸು ಅಂದ, ಬಗ್ಗಿಸಿದಳು. ಒಳಗೆ ಇಣುಕಿ ನೋಡು ಅಂದ, ನೋಡಿದಳು. ನೀರಿಲ್ಲದವಳ ಹಾಗೆ ಮುಖ ಮಾಡು ಅಂದ. ಬೆನ್ನ ಹಿಂದೆ ಹೇಮಾವತಿ ಕಾಲುವೆ ದಡ ಮುಟ್ಟಿ ಹರಿಯುತ್ತಿತ್ತು. ಅದು ಕಾಣದ ಹಾಗೆ ಪುಣ್ಯಾತ್ಮ ನೆಲದ ಮೇಲೆ ಮಲಗಿಕೊಂಡು ತೆಗೆದ. ಅಕ್ಕನ ಕಾಲು ನಡುಗುತ್ತಿತ್ತು. "ಆಹಾ, ಆ ನಡುಕ ಹಾಗೇ ಇರಲಿ" ಅಂದ.

ಮುಗಿದ ಮೇಲೆ ಅಂಗನವಾಡಿಯಿಂದ ಕೈಯಿರುವ ಮರದ ಕುರ್ಚಿ ನಾನೇ ಹೊತ್ತು ತಂದೆ. ಅಕ್ಕ ಮುಖ ತೊಳೆದು, ಕೆಂಪು ಸೀರೆ ಉಟ್ಟು, ಕನ್ನಡಕ ಹಾಕಿ, ಮಂಡಿ ಮೇಲೆ ಕೈಯಿಟ್ಟು ಕೂತಳು. ದೇವರಾಜ ನಿಂತಿದ್ದ, ಅವಳು ಕೂತಿದ್ದಳು. ಅವನಿಗೆ ಅದನ್ನು ನೋಡಲು ಆಗಲಿಲ್ಲ. ತೆಂಗಿನ ಮರ ನೋಡಿಕೊಂಡು, "ಬೇಗ ಮುಗ್ಸಿ ಮನೋಹರ್, ಊಟ ಆರೋಯ್ತದೆ" ಅಂದ.

ಮನೋಹರ ಅಷ್ಟರಲ್ಲಿ ಕ್ಯಾಮೆರಾದ ಮೂತಿಗೆ ಕಪ್ಪು ಮುಚ್ಚಳ ಹಾಕಿ ಆಗಿತ್ತು. ಹಾಗೇ ಎತ್ತಿ ಹಿಡಿದ. ಹಾಗೇ ಕ್ಲಿಕ್ ಅನ್ನಿಸಿದ.

"ಸಾ, ಮುಚ್ಚಳ ತೆಗ್ದಿಲ್ಲ ನೀವು!" ಅಂತ ಕೂಗಿದೆ.

"ಇದು ಹೊಸ ಮಾಡೆಲ್ ತಾತ. ಮುಚ್ಚಳದೊಳಗಿಂದಾನೂ ಕಾಣುತ್ತೆ" ಅಂದ.

ದೇವರಾಜ ಕಿಸಕ್ಕನೆ ನಕ್ಕ. ನಾನು ಮುಂದೆ ಹೋದೆ. ಅಕ್ಕ ತುಟಿ ಅಲ್ಲಾಡಿಸದೆ ಗದರಿದಳು. "ಸುಮ್ಕಿರ್ಲಾ ಕೆಂಚ. ಮಾತಾಡ್ಸಬ್ಯಾಡ, ಪೋಟೋ ಅಲ್ಲಾಡ್ತದೆ."

ಉಸಿರು ಬಿಗಿಹಿಡಿದು ಕೂತಿದ್ದಳು. ಅವರು ಜೀಪು ಹತ್ತಿ ಹೋದ ಮೇಲೂ ಕೂತಿದ್ದಳು. ಈಗ ಹೇಳ್ಲಾ ಶಶಿಕುಮಾರ, ಯಾರಿಗೆ ಅರಳುಮರಳು?

ಇನ್ನೊಂದು ಸಲ ಒತ್ತಿದ್ದೇನೆ. ಕೇಳಿಸ್ತಾ?

ಅಕ್ಕ ಕಾದಳು. ಪೋಸ್ಟಿನವನನ್ನು ಕಂಡರೆ ಬೀದಿಗೆ ಬಂದು ನಿಲ್ಲುವಳು. "ದೊಡ್ಡದಾಗಿರ್ತದೆ ಕಣಪ್ಪಾ, ಗಾಜು ಅದೆ, ಒಡೀಬ್ಯಾಡ" ಅಂತ ಅವನಿಗೆ ಬುದ್ಧಿ ಹೇಳುವಳು. ಪಾಪ, ಅವನು ಅವಳಿಗೆ ಹೆದರಿ ಬೇರೆ ಬೀದಿಯಲ್ಲಿ ಸೈಕಲ್ ತಿರುಗಿಸುತ್ತಿದ್ದ. ಕವನಾ ಹಾಸನದಿಂದ ಬಂದಾಗಲೆಲ್ಲ "ಅಜ್ಜಿ, ನಾನೇ ಸ್ಟುಡಿಯೋಗೆ ಕರ್ಕಂಡೋಯ್ತೀನಿ ಬಾ" ಅನ್ನುವಳು. "ಯಾಕವ್ವಾ? ಒಬ್ಬ ಮನ್ಸ ಮಾತು ಕೊಟ್ಟವ್ನೆ" ಅನ್ನುವಳು ಅಕ್ಕ. ಮೊಳೆಯ ಮೇಲೆ ಜೇಡ ಬಲೆ ಕಟ್ಟುತ್ತಿತ್ತು, ಅವಳು ಒರೆಸುತ್ತಿದ್ದಳು.

ಮುಂದಿನ ನಾಟಿ ಹೊತ್ತಿಗೆ ದೇವರಾಜನ ಗದ್ದೆ ಬದುವಿನ ಮೇಲೆ ಜಾರಿಬಿದ್ದಳು. ಸೊಂಟದ ಮೂಳೆ ಮುರಿಯಿತು. ಮಲಗಿದವಳು ಏಳಲಿಲ್ಲ. ಬಾಯಿಗೆ ನೀರು ಬಿಡುವಾಗಲೂ ಕಣ್ಣು ಆ ಮೊಳೆ ಕಡೆಗೇ ಇತ್ತು. ನಾನು ಅಳುವವನಲ್ಲ, ಅದಕ್ಕೇ ಮುಂದಕ್ಕೆ ಹೋಗುತ್ತೇನೆ.

ಮಣ್ಣು ಮಾಡಿ ಬಂದೆವು. ತಿಥಿ ಹತ್ತಿರ ಬಂತು. ಫೋಟೋ ಇಲ್ಲ. ಕೀರ್ತಿರಾಜ ಚನ್ನರಾಯಪಟ್ಟಣದ ಹೊರಗೆ ಹೈವೇ ಪಕ್ಕದ ಒಂದು ಹೋಟೆಲಿಗೆ ತನ್ನ ಗಾಡಿಯಲ್ಲಿ ತೆಂಗಿನಕಾಯಿ, ಎಳನೀರು ಹಾಕುತ್ತಿದ್ದ. 'ಹೊಲಮನೆ, ಶುದ್ಧ ಸಸ್ಯಾಹಾರಿ' ಅಂತ ಬೋರ್ಡು. ಯಾರದು? ನಮ್ಮ ದೇವರಾಜನದೇ. ಗದ್ದೆಯೂ ಅವನದು, ಗದ್ದೆಯ ನೆನಪು ಮಾರುವ ಹೋಟೆಲೂ ಅವನದು. ಗಾಡಿಯವರು ಹಿಂದಿನ ಬಾಗಿಲಿಗೆ ಬಂದು ಇಳಿಸಿ ಹಿಂದಿನ ಬಾಗಿಲಲ್ಲೇ ಹೋಗಬೇಕು. ಮುಂದೆ ಊಟದ ಹಾಲ್ ಒಳಗೆ ಹೇಗಿದೆ ಅಂತ ಕೀರ್ತಿರಾಜ ನೋಡಿದವನಲ್ಲ. ಆವತ್ತು ತಿಥಿಗೆ ರಜ ಹೇಳಲು ಹೋದ. ಮುಂದೆ ಹೋಗಿ ಮ್ಯಾನೇಜರಿಗೆ ಹೇಳು ಅಂದರು. ಹೋದ.

ಗೋಡೆ ತುಂಬ ಅವನ ತಾಯಿ.

ಆಳೆತ್ತರದ ಫೋಟೋ. ದನ ಒರೆಸುವ ಸೀರೆ, ಮುಕ್ಕು ಮಡಕೆ. ತಲೆ ಮೇಲೆ ಬಣ್ಣದ ದೀಪ. ಕೆಳಗೆ ಹಿತ್ತಾಳೆ ಅಕ್ಷರ: 'ನಮ್ಮ ಅಜ್ಜಿ. ಈ ಮನೆಯ ಕೈರುಚಿ ಇವರದು.' ಅವಳ ಕೆಳಗೆ ಕಾರಿನಲ್ಲಿ ಬಂದವರು ಕೂತು ಅವರೆಕಾಳು ಉಪ್ಪಿಟ್ಟು ತಿನ್ನುತ್ತಿದ್ದರು. ತಿಂಗಳುಗಟ್ಟಲೆ ಅವನು ಆ ಗೋಡೆಯ ಆಚೆ ಬದಿಯಲ್ಲಿ ಕಾಯಿ ಇಳಿಸಿದ್ದ.

ನಿಮಗೆ ಅನ್ನಿಸುತ್ತದೆ, ಮೊಬೈಲಿನಲ್ಲಿ ಒಂದು ತೆಗೆದುಕೊಂಡು ಬರಬಾರದಿತ್ತಾ ಅಂತ. ಅವನೂ ಮೊಬೈಲ್ ಎತ್ತಿದ. ಮ್ಯಾನೇಜರ್ ಚಂದ್ರಮೌಳಿ ಅಡ್ಡ ಕೈ ಹಿಡಿದ.

"ಏ, ಫೋಟೋ ತೆಗೀಬಾರ್ದು. ಕಾಪಿರೈಟ್ ಇದೆ."

"ಸಾ, ಅದು ನಮ್ಮವ್ವ."

"ಯಾರಾದ್ರೂ ಆಗ್ಲಿ. ಓನರ್ ಹತ್ರ ಮಾತಾಡು."

ಓನರು ಒಳಗೆ ಎಸಿಯಲ್ಲಿ ಕೂತಿದ್ದ. ಕೀರ್ತಿರಾಜ ಬಾಗಿಲಲ್ಲೇ ನಿಂತು ಕೇಳಿದ. "ಗೌಡ್ರೇ, ತಿಥಿಗೆ ಅವ್ವನ್ ಪೋಟೋ ಬೇಕಿತ್ತು. ಒಂದು ದಿನಕ್ಕೆ ಕೊಡಿ. ಆಮ್ಯಾಕೆ ನಾನೇ ತಂದು ನೇತಾಕ್ತೀನಿ."

"ಲೋ, ಅದು ಪೋಟೋ ಅಲ್ಲ ಕಣ್ಲಾ, ಆರ್ಟು. ಪ್ರೈಜ್ ಬಂದದೆ ಅದಕ್ಕೆ. ಮನೋಹರ್‌ನೇ ಕೇಳು."

ದೇವರಾಜನೇ ಸ್ಪೀಕರಿಗೆ ಹಾಕಿ ಫೋನ್ ಮಾಡಿದ. ಮನೋಹರ ಯಾವುದೋ ಬೇರೆ ರಾಜ್ಯದಲ್ಲಿದ್ದ, ಅಲ್ಲಿಯೂ ಯಾರ ಮನೆಯ ಡಿಶ್ ಇಳಿಸುತ್ತಿದ್ದನೋ. ಕೀರ್ತಿರಾಜ ಕುರ್ಚಿ ಫೋಟೋ ಕೇಳಿದ.

"ಯಾವ ಕುರ್ಚಿ ಫೋಟೋ? ಓ, ಅದಾ! ಅದು ಸುಮ್ನೆ ಅಜ್ಜಿಗೆ ಖುಷಿಯಾಗ್ಲಿ ಅಂತ. ಅದು ತೆಗೆದೇ ಇಲ್ಲ. ಬೇಜಾರ್ ಮಾಡ್ಕೋಬೇಡಿ" ಅಂದು ಇಟ್ಟ.

ಕೇಳಿಸ್ತೇನ್ಲಾ ಶಶಿಕುಮಾರ? ಅವನ ಬಾಯಿಂದಲೇ ಬಂತು.

ಆ ಸಂಜೆ ಕೇರಿಯಲ್ಲಿ ಎಲ್ಲರೂ ಸೇರಿದೆವು. ಒಬ್ಬರು ಹೋಗಿ ಕಾಲು ಹಿಡಿಯೋಣ ಅಂದರು. ಮತ್ತೊಬ್ಬರು ಕದ್ದು ತರೋಣ ಅಂದರು. ಅಕ್ಕನ ಜೊತೆ ನಾಟಿ ಹಾಕುತ್ತಿದ್ದ ಮುದ್ದಮ್ಮ, "ಇನ್ನೇನು, ಇವ್ಳಿಗೂ ಚೊಂಬೇಯಾ" ಅಂತ ಕಣ್ಣು ಒರೆಸಿಕೊಂಡಳು.

ಕವನಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಗೋಡೆ ಮ್ಯಾಲೆ ಏನಂತ ಬರ್ದವ್ರೆ, ಇನ್ನೊಂದ್ಸಲ ಏಳು."

"ನಮ್ಮ ಅಜ್ಜಿ ಅಂತ."

"ಸರಿ ಓಯ್ತಲ್ಲ. ಅವ್ರ ಅಜ್ಜಿ ಅಂದ್ಮೇಲೆ ಅವ್ರ ಮನೇಲೂ ತಿಥಿ ಆಗ್ಬೇಕು. ಪೋಟೋ ತಿಥಿಗೆ ಬರಾಕಿಲ್ಲ ಅಂದ್ರೆ ತಿಥಿನೇ ಪೋಟೋ ತಾವಕ್ಕೆ ಓಯ್ತದೆ. ತಾತ, ಒಣಮೀನು ತರ್ಸು. ಅಜ್ಜಿಗೆ ಇಷ್ಟ."

ಅರ್ಥವಾಗುವಷ್ಟರಲ್ಲಿ ಕೇರಿ ಎದ್ದು ನಿಂತಿತ್ತು.

ತಿಥಿ ಬಿದ್ದದ್ದು ಭಾನುವಾರ. ಹೈವೇ ಹೋಟೆಲಿಗೆ ಅದು ಜಾತ್ರೆ ದಿನ. ಕೀರ್ತಿರಾಜ ತಲೆ ಬೋಳಿಸಿಕೊಂಡು ಗಾಡಿ ಓಡಿಸಿದ. ಹಿಂದೆ ಕೇರಿಯ ಅರ್ಧ ಜನ. ಮುದ್ದಮ್ಮನ ತೊಡೆ ಮೇಲೆ ಒಣಮೀನಿನ ಸಾರಿನ ಪಾತ್ರೆ. ಮುದ್ದೆ, ಅನ್ನ, ಕಾಫಿ ಫ್ಲಾಸ್ಕು, ಎಲೆ ಅಡಿಕೆ, ಹೊಗೆಸೊಪ್ಪು. ಕವನಾಳ ಕೈಲಿ ಮಡಚಿದ ಕೆಂಪು ಸೀರೆ. ನನ್ನ ಕೈಲಿ ಹಾರ. ಈ ಸಲ ಮುಂದಿನ ಬಾಗಿಲಿಗೇ ಗಾಡಿ ನಿಲ್ಲಿಸಿದೆವು.

ಚಂದ್ರಮೌಳಿ ಓಡಿ ಬಂದ. "ಎಷ್ಟು ಜನ? ಟೇಬಲ್ ಬುಕ್ ಮಾಡಿದ್ದೀರಾ?"

"ಮಾಡಿವ್ನಿ ಸಾ" ಅಂದೆ. "ಸುಬ್ಬಮ್ಮ ಅನ್ನೋ ಎಸ್ರಲ್ಲಿ. ಅವ್ಳು ಆಗ್ಲೇ ಒಳಗವ್ಳೆ. ಬೋ ದಿನದಿಂದ ಕಾಯ್ತಾವ್ಳೆ."

ಅವನು ಪುಸ್ತಕ ತಿರುವುತ್ತಿದ್ದ, ನಾವು ಒಳಗೆ ಹೋದೆವು.

ಕೀರ್ತಿರಾಜ ತೆಂಗಿನಕಾಯಿ ಮೂಟೆ ಎತ್ತುವವನು. ಇನ್ನಿಬ್ಬರ ಜೊತೆ ಸೇರಿ ಆ ಫೋಟೋವನ್ನು ಗೋಡೆಯಿಂದ ಇಳಿಸಿದ. ಹೋಟೆಲಿನಲ್ಲಿ ಚೆಂದಕ್ಕೆ ಅಂತ ಇಟ್ಟಿದ್ದ ಕೆತ್ತನೆಯ ದೊಡ್ಡ ಕುರ್ಚಿ ಎಳೆದು ಅದರ ಮೇಲೆ ಕೂರಿಸಿದ. ಕವನಾ ಕೆಂಪು ಸೀರೆ ಬಿಚ್ಚಿ ಫ್ರೇಮಿನ ಸುತ್ತ ಉಡಿಸಿದಳು. ಹರಕು ಸೀರೆ ಮುಚ್ಚಿತು. ಮಡಕೆ ಮುಚ್ಚಿತು. ನೆರಿಗೆ ಹಿಡಿದು, ಸೆರಗು ಹೊದಿಸಿ, ಪಿನ್ನು ಹಾಕಿ ಹಿಂದಕ್ಕೆ ಸರಿದಳು. ಮುಖ ಮಾತ್ರ ಉಳಿಯಿತು.

ಕುರ್ಚಿ ಮೇಲೆ, ಕೆಂಪು ಸೀರೆ ಉಟ್ಟುಕೊಂಡು, ನಮ್ಮಕ್ಕ ಕೂತಿದ್ದಳು.

ನಾನು ಹಾರ ಹಾಕಿದೆ. ಮುದ್ದಮ್ಮ ಬಾಳೆ ಎಲೆ ಹಾಸಿ ಬಡಿಸಿದಳು. ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ಒಣಮೀನಿನ ವಾಸನೆ ಶುದ್ಧ ಸಸ್ಯಾಹಾರಿ ಹಾಲಿನ ಮೂಲೆಮೂಲೆಗೂ ಹೋಗಿ ಎಲ್ಲರನ್ನೂ ಮಾತಾಡಿಸಿ ಬಂತು. ಎಲ್ಲರ ಚಮಚ ನಿಂತಿತು. ಮೊಬೈಲುಗಳು ಎದ್ದವು. ಈಗ ಕಾಪಿರೈಟ್ ಅನ್ನಲು ಚಂದ್ರಮೌಳಿಗೆ ಬಾಯಿ ಬರಲಿಲ್ಲ, ಮೊಬೈಲ್ ಎತ್ತಿದವರು ಕಾಸು ಕೊಟ್ಟು ತಿನ್ನಲು ಬಂದವರಲ್ಲವೇ.

ದೇವರಾಜ ಎಸಿ ರೂಮಿನಿಂದ ಹೊರಗೆ ಬಂದ. "ಏಯ್! ಏನ್ರಲಾ ಇದು? ಓಟ್ಲಲ್ಲಿ ತಿಥಿ ಮಾಡ್ತೀರೇನ್ರಲಾ? ಪೊಲೀಸ್ ಕರೀತೀನಿ!"

"ಬನ್ನಿ ಅಣ್ಣಾ. ನಿಮ್ಗೇ ಕಾಯ್ತಿದ್ವಿ" ಅಂದಳು ಕವನಾ.

"ಯಾರ್ಗೆ ಅಣ್ಣ?"

"ಅಜ್ಜಿ ನಂಗೂ ಅಜ್ಜಿ, ನಿಮ್ಗೂ ಅಜ್ಜಿ. ನೀವೇ ಬರ್ಸಿದೀರಲ್ಲ ಅಲ್ಲಿ. ಅಂದ್ಮೇಲೆ ಅಣ್ಣ ಅಲ್ವಾ? ನಮ್ಮಪ್ಪ ತಲೆ ಬೋಳಿಸ್ಕಂಡವ್ರೆ. ನೀವೂ ಬೋಳಿಸ್ಕಬೇಕಿತ್ತು. ಓಗ್ಲಿ ಬುಡಿ, ಕೈ ಮುಗ್ದು ಎಡೆ ಪ್ರಸಾದನಾದ್ರೂ ತಕ್ಕಳಿ. ಪೊಲೀಸ್ನೋರ್ನೂ ಕರೀರಿ. ಅಜ್ಜಿ ಯಾರ್ದು ಅಂತ ಅವ್ರೇ ಬರ್ಕಳ್ಳಿ."

ಪಕ್ಕದ ಟೇಬಲ್ಲಿನ ಕನ್ನಡಕದ ಹೆಂಗಸು ಎದ್ದು ನಿಂತಳು. "ಸರ್, ಇವರು ನಿಮ್ಮ ಅಜ್ಜಿ ಅಲ್ವಾ? ಹೋದ ಸಲ ಬಂದಾಗ ನಾನೇ ಕೇಳಿದ್ದೆ. ಹೌದು ಅಂದಿದ್ರಿ. ಮಕ್ಕಳಿಗೆ ಅವರ ಕಥೆ ಬೇರೆ ಹೇಳಿದ್ರಿ."

ದೇವರಾಜ ಬೆವರಿದ. "ಅದು... ಅಜ್ಜಿ ಅಂದ್ರೆ ಮೇಡಂ... ಒಂಥರಾ ಕಾನ್ಸೆಪ್ಟು."

"ಅದ್ಯಾವ ಜಾತಿ ಕವನಾ, ಕಾನ್ಸೆಪ್ಟು ಅಂದ್ರೆ?" ಅಂದಳು ಮುದ್ದಮ್ಮ. "ನಾವು ಕೇಳಿಲ್ವಲ್ಲ ನಮ್ ಕಡೆ."

ಯಾರೋ ಹಿಂದಿನಿಂದ ನಕ್ಕರು. ಕವನಾ ಎಲೆಯಿಂದ ಒಂದು ತುತ್ತು ಮುದ್ದೆ ಮುರಿದು ಅವನ ಮುಂದೆ ಹಿಡಿದಳು. "ಬರೀ ಮುದ್ದೆ. ಮೀನು ಸೋಕಿಲ್ಲ. ನಿಮ್ಮ ಅಜ್ಜಿ ಮನೆ ಕೈರುಚಿ. ತಿನ್ನಿ."

"ಇವತ್ತು... ಉಪವಾಸ ನಂದು."

"ಭಾನ್ವಾರ ಯಾವ ದ್ಯಾವ್ರುದು ಗೌಡ್ರೇ ಉಪ್ವಾಸ?" ಅಂದೆ ನಾನು. ಪ್ರತಿ ಭಾನುವಾರ ಅವನ ತೋಟದ ಮನೆ ಹಿಂದೆ ಬೀಳುವ ಕೋಳಿ ಪುಕ್ಕ ಊರಿಗೇ ಗೊತ್ತು. ಸಸ್ಯಾಹಾರಿ ಹೋಟೆಲು, ಅವನಲ್ಲ.

ಮುದ್ದಮ್ಮ ಎದ್ದಳು. ಅವಳ ದನಿಯಲ್ಲಿ ಆಗ ನಗು ಇರಲಿಲ್ಲ. "ನಾವು ನಾಟಿ ಆಕಿದ್ ಬತ್ತದ ಅನ್ನ ಉಣ್ತೀಯ. ಆ ಪೈರ್ನಾಗೆ ಅವ್ಳ ಕೈ ಇರ್ನಿಲ್ವಾ? ಆಗ ಉಪ್ವಾಸ ಮಾಡ್ನಿಲ್ಲ ನೀನು."

ಕವನಾಳ ಕೈ ಚಾಚಿಯೇ ಇತ್ತು. ಎಲ್ಲ ಮೊಬೈಲುಗಳೂ ದೇವರಾಜನ ಮುಖದ ಮೇಲಿದ್ದವು. ನಮ್ಮಕ್ಕನನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದನಲ್ಲ, ಈಗ ದೀಪದ ಕೆಳಗೆ ಅವನು ನಿಂತಿದ್ದ. ಅವನ ಕೈ ಅರ್ಧ ಎದ್ದಿತು. ಎದ್ದದ್ದು ಹಾಗೇ ನಿಂತಿತು. ಆಮೇಲೆ ಇಳಿಯಿತು.

"ಚಂದ್ರಮೌಳಿ" ಅಂದ. "ಕೊಟ್ ಕಳ್ಸು ಅದನ್ನ. ತಕ್ಕಂಡ್ ಓಗ್ಲಿ."

ಒಂದು ತುತ್ತು ಮುದ್ದೆ ನುಂಗುವುದಕ್ಕಿಂತ ಪ್ರೈಜ್ ಬಂದ ಆಳೆತ್ತರದ ಆರ್ಟು ಕೊಡುವುದು ಅವನಿಗೆ ಸುಲಭವಾಯಿತು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಆ ತುತ್ತು ವ್ಯರ್ಥವಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಪಾತ್ರೆ ತೊಳೆಯುವ, ಮುದ್ದೆ ತಿರುವುವ ಹೆಂಗಸರು ನಿಂತು ನೋಡುತ್ತಿದ್ದರು. ಆ ಹೋಟೆಲಿನಲ್ಲಿ ದಿನಾ ಅಜ್ಜಿಯ ಕೈರುಚಿ ಮಾಡುವವರು ಅವರೇ. ಅವರಲ್ಲಿ ಒಬ್ಬಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಅಕ್ಕನಿಗೆ ಕೈ ಮುಗಿದಳು. ಕವನಾಳ ಕೈಯಿಂದ ತುತ್ತು ತೆಗೆದುಕೊಂಡು ತಿಂದಳು. ಅವಳ ಹಿಂದೆ ಮಿಕ್ಕವರೂ ಬಂದರು. ಚಂದ್ರಮೌಳಿ ಒಳಗೆ ಹೋಗಿ ಹೋಗಿ ಅಂತ ಪಿಸುಗುಟ್ಟುತ್ತಿದ್ದ, ಒಬ್ಬರೂ ತಿರುಗಲಿಲ್ಲ. ನೆಲದ ಮೇಲೆ ಪಂಕ್ತಿ ಹಾಕಿ ಕೂತು ಅಕ್ಕನ ತಿಥಿ ಊಟ ಮಾಡಿ ಎದ್ದೆವು. ಅಷ್ಟು ಒಳ್ಳೆ ಒಣಮೀನು ಸಾರು ಆ ಹೋಟೆಲಿನಲ್ಲಿ ಮೊದಲೂ ಇರಲಿಲ್ಲ, ಮುಂದೂ ಇರುವುದಿಲ್ಲ.

ಆ ಫೋಟೋವನ್ನು ಕೂತಿದ್ದ ಕುರ್ಚಿ ಸಮೇತ ಮನೆಗೆ ತಂದರೆ ಗೋಡೆಗಿಂತ ಅದೇ ದೊಡ್ಡದು. ಅದಕ್ಕೇ ಈಗಲೂ ಕುರ್ಚಿ ಮೇಲೇ ಇದೆ, ಸೀರೆ ಉಟ್ಟುಕೊಂಡೇ ಇದೆ. ಮೊಳೆಗೆ ಅವಳ ಕನ್ನಡಕ ನೇತುಹಾಕಿದ್ದೇವೆ.

ಕೀರ್ತಿರಾಜನ ತೆಂಗಿನಕಾಯಿ ಆ ಹೋಟೆಲಿಗೆ ಈಗ ಬೇಡವಂತೆ. ನಾಟಿಗೆ ನಮ್ಮ ಕೇರಿಯವರೂ ಬೇಡವಾದರು, ದೇವರಾಜ ನಾಟಿ ಮಷಿನ್ ತರಿಸಿದ. ಮಷಿನ್ ಕೆಸರಿನಲ್ಲಿ ಹೂತು ಕೂತಿತು. ಆಮೇಲೆ ಆಳು ಕರೆಯಲು ಬಂದ ಅವನ ಕಡೆಯವನಿಗೆ ಮುದ್ದಮ್ಮ ಹೇಳಿದಳಂತೆ, "ನಿಮ್ ಜಗ್ಲಿ ಮ್ಯಾಲೆ ಕುರ್ಚಿ ಆಕ್ಸು. ಕೂತ್ಕಂಡು ಮಾತಾಡಾಣ." ಮಾತು ಇನ್ನೂ ಆಗಿಲ್ಲ. ಮಷಿನ್ ಇನ್ನೂ ಎದ್ದಿಲ್ಲ.

ಈಗ ನಾನು ಬೆಳಗ್ಗೆ ಕೇಳಿದ್ದಕ್ಕೆ ಬರುತ್ತೇನೆ. ನೆನ್ನೆ ಪಟ್ಟಣಕ್ಕೆ ಹೋಗಿದ್ದೆ. ಆ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಬರೋಣ ಅಂತ ಒಳಗೆ ಹೋದೆ. ಅದೇ ಗೋಡೆ. ಅದೇ ದೀಪ. ಅದೇ ಹಿತ್ತಾಳೆ ಅಕ್ಷರ, 'ನಮ್ಮ ಅಜ್ಜಿ'. ಮೇಲೆ ಮಾತ್ರ ಬೇರೆ ಮುದುಕಿ. ಕಿವಿಯ ಮೇಲುಗಡೆ ಬುಗುಡಿ. ಎಡಗೆನ್ನೆಯಲ್ಲಿ ಕಡಲೆಕಾಳಿನಷ್ಟು ದಪ್ಪ ಮಚ್ಚೆ. ಹಣೆಯಲ್ಲಿ ಹಸಿರು ಹಚ್ಚೆ. ಅರಕಲಗೂಡಿನ ಕಡೆಯವಳು ಅಂತ ನನ್ನ ಮನಸ್ಸು ಹೇಳುತ್ತದೆ, ಮನೋಹರ ನಮ್ಮಲ್ಲಿಂದ ಹೋದದ್ದು ಆ ಕಡೆಗೇ. ಕೈಯಲ್ಲಿ ಮಡಕೆ. ಬಾಯಿ ಅಂಚಿನಲ್ಲಿ ಅರ್ಧ ಚಂದ್ರನ ಹಾಗೆ ಒಂದು ಮುಕ್ಕು.

ನಮ್ಮಕ್ಕ ಕುಕ್ಕಿ ಒಡೆದ ಮಡಕೆ ಕಣ್ರಪ್ಪಾ ಅದು.

ಅವಳಿಗೂ ಏನೋ ಒಂದು ಮಾತು ಕೊಟ್ಟಿರುತ್ತಾನೆ. ಅವಳೂ ಎಲ್ಲೋ ಬಾಗಿಲಲ್ಲಿ ಕೂತು ಪೋಸ್ಟಿನವನ ದಾರಿ ಕಾಯುತ್ತಿರಬಹುದು. ಬದುಕಿದ್ದರೆ ಇನ್ನೂ ಹೊತ್ತು ಮೀರಿಲ್ಲ. ಅದಕ್ಕೇ ಇದನ್ನ ಕೇಳಿ ಡಿಲೀಟ್ ಮಾಡಬ್ಯಾಡಿ. ಶಶಿಕುಮಾರ, ನೀನೂ ಕೇಳ್ಲಾ, ನಗೋ ಮೂತಿ ಆಮ್ಯಾಕೆ ಅಂಟಿಸುವಂತೆ. ಅರಕಲಗೂಡು ಕಡೆ ನಿಮ್ಮ ನೆಂಟ್ರು ಯಾರವ್ರೋ ಎಲ್ರಿಗೂ ಕಳ್ಸಿ. ಆ ಮುದುಕಿ ಮನೆಯವ್ರ ಕಿವಿಗೆ ಬೀಳೋಗಂಟ ಕಳ್ಸ್ತಾನೇ ಇರಿ. ಕುರ್ಚಿ ನಮ್ಮನೇಲಿ ಅದೆ, ಕೀರ್ತಿರಾಜನ ಗಾಡಿಗೆ ಡೀಸೆಲ್ಲೂ ಅದೆ ಅಂತ ಏಳಿ.